ನೋವಿಲ್ಲದ ದವಡೆಯ ಗೆಡ್ಡೆ

ಬಿ.ಎ. ತರಗತಿಯಲ್ಲಿ ಚರಿತ್ರೆ ಓದುವವನಿಗೆ ದವಡೆಯ ರೋಗದ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷಗಳ ಕೆಳಗೆ ನಮ್ಮ ಸೋದರತ್ತೆಯ ಬಲಗೆನ್ನೆ ಎರಡನೆಯ ಸಲ ಊದಿಕೊಂಡಿತು. ಅದಕ್ಕೆ ಆರು ವರ್ಷ ಮೊದಲು ಅದೇ ಜಾಗವನ್ನು ಒಂದು ಆಸ್ಪತ್ರೆಯಲ್ಲಿ ಕೆರೆದು ತೆಗೆದಿದ್ದರು. ಗುಣವಾಯಿತೆಂದು ಎಲ್ಲರೂ ಮರೆತಿದ್ದೆವು. ತಗಡಿನ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಇಂಗ್ಲಿಷ್ ಕಾಗದವೊಂದನ್ನು ಅತ್ತೆ ತೆಗೆದು, "ಇದ್ರಾಗೆ ಏನು ಬರ್ದವ್ರೆ ನೋಡಪ್ಪಾ, ನೀನು ಕಾಲೇಜು ಓದೋನು" ಎಂದರು. ಅದರಲ್ಲಿ 'ಅಮೆಲೋಬ್ಲಾಸ್ಟೋಮ' ಎಂಬ ಪದವಿತ್ತು. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ನನಗೂ ಅದು ತಿಳಿಯಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಲ್ಲಿನ ಮೇಲಿನ ಹೊಳಪಾದ ಗಟ್ಟಿ ಹೊದಿಕೆಗೆ ಎನಾಮೆಲ್ ಎಂದು ಹೆಸರು. ಹಲ್ಲು ವಸಡನ್ನು ಸೀಳಿ ಹೊರಬರುವುದಕ್ಕೆ ಮೊದಲು, ದವಡೆಯ ಒಳಗೇ ಒಂದು ಬಗೆಯ ಜೀವಕೋಶಗಳು ಈ ಹೊದಿಕೆಯನ್ನು ಕಟ್ಟುತ್ತವೆ. ಕೆಲಸ ಮುಗಿದೊಡನೆ ಅವು ಅಳಿದುಹೋಗಬೇಕು. ಆದರೆ ಹಲ್ಲನ್ನು ರೂಪಿಸಿದ ಆ ಅಂಗಾಂಶದ ಚೂರುಪಾರು ದವಡೆಯಲ್ಲಿ ಉಳಿಯುವುದುಂಟು. ಎಷ್ಟೋ ವರ್ಷಗಳ ಮೇಲೆ ಅದೇ ಬೆಳೆಯತೊಡಗಿ ಗೆಡ್ಡೆಯಾದರೆ ಅದು ಅಮೆಲೋಬ್ಲಾಸ್ಟೋಮ. 1885ರಲ್ಲಿ ಫ್ರಾನ್ಸಿನ ಮಲಾಸೆ ಎಂಬ ವಿದ್ವಾಂಸರು ಇದನ್ನು ಬೇರೆ ಹೆಸರಿನಿಂದ ವರ್ಣಿಸಿದ್ದರು. ಈಗಿನ ಹೆಸರು ರೂಢಿಗೆ ಬಂದದ್ದು 1930ರ ದಶಕದಲ್ಲಿ. ವಿಚಿತ್ರವೆಂದರೆ, ಎನಾಮೆಲಿನ ಹೆಸರು ಹೊತ್ತ ಈ ಗೆಡ್ಡೆ ಒಂದು ಚೂರು ಎನಾಮೆಲನ್ನೂ ಮಾಡುವುದಿಲ್ಲ.

ಐದರಲ್ಲಿ ನಾಲ್ಕು ಪಾಲು ಇದು ಕೆಳದವಡೆಯಲ್ಲಿ, ಅದರಲ್ಲೂ ಹಿಂಬದಿಯ ಬುದ್ಧಿಹಲ್ಲಿನ ಸುತ್ತಮುತ್ತ ಕಾಣುತ್ತದೆ. ಮೂವತ್ತು ನಲವತ್ತರ ಪ್ರಾಯದವರಲ್ಲಿ ಹೆಚ್ಚು. ನಮ್ಮ ಕಡೆ ಬಾಯಲ್ಲಿ ಗಂಟು ಕಂಡರೆ ಸಾಕು, ಎಲೆಅಡಿಕೆ ಹೊಗೆಸೊಪ್ಪಿನ ಪಾಪವೆಂದು ತೀರ್ಮಾನಿಸುತ್ತಾರೆ; ಆ ನಾಚಿಕೆಗೆ ಹೆಂಗಸರು ಸೆರಗು ಮರೆಮಾಡಿಕೊಂಡು ಓಡಾಡುತ್ತಾರೆ. ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರ್ ಬೇರೆ, ಇದು ಬೇರೆ. ಇದು ಬಹುಮಟ್ಟಿಗೆ ದೇಹದ ಇತರ ಭಾಗಗಳಿಗೆ ಹರಡುವುದಿಲ್ಲ; ಇದ್ದಲ್ಲಿಯೇ ಮೂಳೆಯನ್ನು ತಿನ್ನುತ್ತ ಹೋಗುತ್ತದೆ. ಶ್ವಾಸಕೋಶಕ್ಕೆ ಹೋದ ಉದಾಹರಣೆಗಳಿವೆಯಾದರೂ ಅವು ತೀರ ವಿರಳ.

ಇದರ ದೊಡ್ಡ ಮೋಸವೆಂದರೆ ನೋವಿಲ್ಲದಿರುವುದು. ಹಲ್ಲುನೋವು ಬಂದರೆ ಮನುಷ್ಯ ರಾತ್ರಿಯೇ ಎದ್ದು ಓಡುತ್ತಾನೆ. ನೋಯದ ಊತವನ್ನು ವರ್ಷಗಟ್ಟಲೆ ಸಾಕುತ್ತಾನೆ. ನಮ್ಮ ಅತ್ತೆಯದೂ ಮುದ್ದೆಯ ಊಟ, ನುಂಗುವುದೇ ಹೊರತು ಅಗಿಯುವುದಲ್ಲ. ಹಲ್ಲು ಸಡಿಲವಾದದ್ದೂ ಅವರ ಗಮನಕ್ಕೆ ತಡವಾಗಿ ಬಂತು. ಗೆಡ್ಡೆ ದೊಡ್ಡದಾದಂತೆ ಹಲ್ಲುಗಳು ಸರಿಯುತ್ತವೆ, ಮುಖ ಒಂದು ಕಡೆಗೆ ಉಬ್ಬುತ್ತದೆ, ಮೂಳೆ ತೆಳುವಾಗಿ ಬೆರಳಿನಿಂದ ಒತ್ತಿದರೆ ಮೊಟ್ಟೆಯ ಚಿಪ್ಪಿನಂತೆ ಅದುಮುತ್ತದೆ.

ಎಕ್ಸ್-ರೇ ಚಿತ್ರದಲ್ಲಿ ಇದು ಹಲವು ವೇಳೆ ಸೋಪಿನ ನೊರೆಗುಳ್ಳೆಗಳ ಹಾಗೆ, ಇಲ್ಲವೆ ಜೇನುಹುಟ್ಟಿನ ಹಾಗೆ ಕಾಣುತ್ತದೆ. ಪಕ್ಕದ ಹಲ್ಲುಗಳ ಬೇರುಗಳು ಸವೆದಿರುತ್ತವೆ. ಆದರೆ ಚಿತ್ರವೊಂದನ್ನೇ ನಂಬುವಂತಿಲ್ಲ. ಹೊರಬರದ ಹಲ್ಲಿನ ಸುತ್ತ ನೀರು ತುಂಬಿಕೊಳ್ಳುವ ಸಾಮಾನ್ಯ ಚೀಲವೂ ಹೀಗೆಯೇ ಕಾಣಬಹುದು. ಕೆರಟೋಸಿಸ್ಟ್ ಎಂಬ ಇನ್ನೊಂದುಂಟು. ಅದು ಮುಖವನ್ನು ಅಷ್ಟಾಗಿ ಉಬ್ಬಿಸದೆ ಮೂಳೆಯ ಉದ್ದಕ್ಕೂ ಹರಿಯುತ್ತದೆ. ಅದನ್ನು 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಗೆಡ್ಡೆಯೆಂದು ಕರೆಯಿತು, 2017ರಲ್ಲಿ ಮತ್ತೆ ಚೀಲವೆಂದಿತು! ಪಂಡಿತರಿಗೇ ಇಷ್ಟು ತೊಡಕಾದರೆ ನಮ್ಮ ಪಾಡೇನು? ಓಡಾಂಟೋಮ ಎಂಬುದು ಮಾತ್ರ ಸಾಧು ಸ್ವಭಾವದ್ದು, ಪುಟ್ಟ ಪುಟ್ಟ ಹಲ್ಲುಗಳ ಮೂಟೆ. 2019ರಲ್ಲಿ ಚೆನ್ನೈಯಲ್ಲಿ ಏಳು ವರ್ಷದ ಹುಡುಗನ ದವಡೆಯಿಂದ 526 ಹಲ್ಲುಗಳನ್ನು ತೆಗೆದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಇದರದೇ. ತೆಗೆದರೆ ತೀರಿತು, ಮರಳಿ ಬರುವುದು ಅಪರೂಪ.

ಆದ್ದರಿಂದ ನಿರ್ಣಯ ಬಯಾಪ್ಸಿಯದು. ಗೆಡ್ಡೆಯ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಮೆಲೋಬ್ಲಾಸ್ಟೋಮವಾದರೆ ಅಂಚಿನ ಕೋಶಗಳು ದೇವಾಲಯದ ಕಂಬಸಾಲಿನಂತೆ ನಿಂತಿರುತ್ತವೆ, ಅವುಗಳ ನಡುಬೀಜಗಳು ಬುಡವನ್ನು ಬಿಟ್ಟು ಮೇಲಕ್ಕೆ ಸರಿದಿರುತ್ತವೆ. ಈ ಗುರುತುಗಳನ್ನು ವಿಕರ್ಸ್ ಮತ್ತು ಗಾರ್ಲಿನ್ ಎಂಬವರು 1970ರಲ್ಲಿ ವಿವರಿಸಿದರು.

ಹೆಸರು ತಿಳಿಯುವುದು ಏಕೆ ಮುಖ್ಯವೆಂದರೆ, ಸಾಧಾರಣ ಚೀಲಕ್ಕೆ ಮಾಡುವ ಚಿಕಿತ್ಸೆ ಇದಕ್ಕೆ ಸಾಲದು. ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಕ್ಸ್-ರೇಯಲ್ಲಿ ಕಾಣುವ ಅಂಚಿನ ಆಚೆಗೂ ಗೆಡ್ಡೆಯ ಎಳೆಗಳು ಒಳಮೂಳೆಯ ಸಂದುಗಳಲ್ಲಿ ನುಗ್ಗಿರುತ್ತವೆ. ಬರಿದೇ ಕೆರೆದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮರಳಿ ಬಂದುದನ್ನು ಅನೇಕ ವೈದ್ಯರು ವರದಿ ಮಾಡಿದ್ದಾರೆ. ಆದಕಾರಣ ಸುತ್ತಲ ಒಂದೆರಡು ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸುತ್ತಾರೆ. ಒಂದೇ ಚೀಲದ ರೂಪದಲ್ಲಿದ್ದು, ಗೆಡ್ಡೆ ಚೀಲದ ಗೋಡೆಗೆ ಹೊಕ್ಕಿರದಿದ್ದರೆ ಅಷ್ಟು ಕಠಿಣ ಶಸ್ತ್ರಕ್ರಿಯೆ ಬೇಕಾಗದು. ಮೇಲ್ದವಡೆಯದಾದರೆ ಭಯ ಹೆಚ್ಚು. ಅಲ್ಲಿ ಮೂಳೆ ತೆಳು, ಕಣ್ಣೂ ತಲೆಬುರುಡೆಯ ತಳವೂ ಹತ್ತಿರ.

ದವಡೆಯನ್ನೇ ಕತ್ತರಿಸುತ್ತಾರೆಂದರೆ ಯಾರಿಗೆ ತಾನೆ ಎದೆ ನಡುಗದು? ಅತ್ತೆ ಎರಡು ತಿಂಗಳು ಒಪ್ಪಲಿಲ್ಲ. ಆದರೆ ಕತ್ತರಿಸಿದ್ದನ್ನು ಮತ್ತೆ ಕಟ್ಟುವ ವಿದ್ಯೆಯೂ ಬೆಳೆದಿದೆ. ಮೊಣಕಾಲಿನ ಕೆಳಗೆ ಇರುವ ಎರಡು ಮೂಳೆಗಳಲ್ಲಿ ಹೊರಮಗ್ಗುಲಿನ ತೆಳು ಮೂಳೆ ದೇಹದ ಭಾರವನ್ನು ಹೊರುವುದು ಅತ್ಯಲ್ಪ. ಅದರ ತುಂಡನ್ನು ರಕ್ತನಾಳಗಳ ಸಮೇತ ತೆಗೆದು, ದವಡೆಯ ಬಾಗಿಗೆ ಹೊಂದಿಸಿ, ಕುತ್ತಿಗೆಯ ರಕ್ತನಾಳಗಳಿಗೆ ಹೊಲಿಯುತ್ತಾರೆ. ಅಮೆರಿಕದ ಹಿಡಾಲ್ಗೊ ಎಂಬ ಶಸ್ತ್ರವೈದ್ಯರು ದವಡೆಗೆ ಈ ವಿಧಾನವನ್ನು 1989ರಲ್ಲಿ ಪ್ರಕಟಿಸಿದರು. ಇನ್ನು 2014ರಲ್ಲಿ, ಈ ಗೆಡ್ಡೆಗಳಲ್ಲಿ ಹಲವಕ್ಕೆ ಬಿ.ಆರ್.ಎ.ಎಫ್. ಎಂಬ ಜೀನಿನ ಒಂದು ದೋಷ ಕಾರಣವೆಂದು ಕಂಡುಬಂತು. ಆ ದೋಷಕ್ಕೇ ಗುರಿಯಿಟ್ಟ ಮಾತ್ರೆಗಳಿಂದ ಕೆಲವರಲ್ಲಿ ಗೆಡ್ಡೆ ಕುಗ್ಗಿದೆ. ಆದರೂ ಕತ್ತಿಯೇ ಇಂದಿಗೂ ಮುಖ್ಯ ಉಪಾಯ.

ಹತ್ತು ವರ್ಷ ಕಳೆದ ಮೇಲೂ ಇದು ಮರಳಿ ಬಂದುದುಂಟು. ಹಳೆಯ ಕಾಗದದ ಕೊನೆಯ ಸಾಲಿನಲ್ಲಿ, ಪ್ರತಿ ವರ್ಷ ಬಂದು ತೋರಿಸಬೇಕೆಂದು ಇಂಗ್ಲಿಷಿನಲ್ಲಿಯೇ ಬರೆದಿತ್ತು. ಅದನ್ನು ಯಾರೂ ಅತ್ತೆಗೆ ಓದಿ ಹೇಳಿರಲಿಲ್ಲ. ಆಗ ನಾನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದೆ. ಕಳೆದ ವರ್ಷ ಶಸ್ತ್ರಕ್ರಿಯೆ ಮಾಡಿದ ವೈದ್ಯರನ್ನು ಬೇಡಿಕೊಂಡು, ಮುಂದಿನ ತಪಾಸಣೆಯ ತಾರೀಖುಗಳನ್ನು ಕನ್ನಡದಲ್ಲಿ ಬರೆಸಿಕೊಂಡು ಬಂದಿದ್ದೇವೆ. ಅತ್ತೆ ಈಗ ಕೊಂಚ ಕುಂಟುತ್ತ ನಡೆಯುತ್ತಾರೆ, ಮುದ್ದೆ ಉಣ್ಣುತ್ತಾರೆ. ಬಲಗಡೆ ಹಲ್ಲು ಕಟ್ಟಿಸುವುದು ಇನ್ನೂ ಆಗಬೇಕು.