ಮಲಪ್ರಭೆಯ ಎರೆ ಬಯಲು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಲೆನಾಡಿನ ಸೆರಗು ದಾಟಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳಲ್ಲಿ ಮೂಡಣಕ್ಕೆ ಹರಿಯುತ್ತದೆ. ಸುಮಾರು 300 ಕಿ.ಮೀ. ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಿತ್ತೂರಿನಿಂದ ರಾಮದುರ್ಗದತ್ತ ಸರಿದಷ್ಟೂ ಮಳೆ ಇಳಿಮುಖ. ಆ ಕೊರತೆಯನ್ನು ಎರೆ ಮಣ್ಣು ತುಂಬಿಕೊಡುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಈ ಕರಿನೆಲ ಮಳೆಗಾಲದ ನೀರನ್ನು ಹೀರಿ ತಿಂಗಳುಗಟ್ಟಲೆ ಹಸಿ ಹಿಡಿದಿಡುತ್ತದೆ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುವುದು ಮುಖ್ಯವಾಗಿ ಆ ಹಸಿಯ ಮೇಲೆಯೇ.

ಈ ಬಯಲಿನಲ್ಲಿ ಬಿತ್ತುವವನು ರೈತ. ಪೈರು ಎದ್ದ ಮೇಲೆ ಹೊಲದ ತುಂಬ ಚರಗ ಚೆಲ್ಲಿ ಭೂತಾಯಿಗೆ ಉಣಿಸುವವನೂ ಅವನೇ.

ಸವದತ್ತಿಯ ಗುಡ್ಡದ ಯಲ್ಲಮ್ಮನ ವರ್ಷವೂ ಹಿಂಗಾರಿ ಬೆಳೆಯ ಜೊತೆಗೇ ನಡೆಯುತ್ತದೆ. ಪತಿ ಜಮದಗ್ನಿಯ ಮರಣದ ಕಥೆಗೆ ಹೊಂದಿಕೊಂಡು ಹೊಸ್ತಿಲ ಹುಣ್ಣಿಮೆಗೆ ದೇವಿಯ ಕಂಕಣ ಬಿಚ್ಚುತ್ತಾರೆ. ಆಗ ಹೊಲದಲ್ಲಿ ಜೋಳ ಇನ್ನೂ ಹಸಿರು. ಭರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ; ಅಷ್ಟರಲ್ಲಿ ಸುಗ್ಗಿ ಸಮೀಪಿಸಿರುತ್ತದೆ. ಚಕ್ಕಡಿ ಕಟ್ಟಿಕೊಂಡು ಬಂದವರು ಗುಡ್ಡದಲ್ಲೇ ಒಲೆ ಹೂಡಿ ಅಡುಗೆ ಮಾಡಿ, ನೈವೇದ್ಯದ ಪಡ್ಡಲಗಿ ತುಂಬಿ, ಭಂಡಾರ ತೂರಿ 'ಉಧೋ ಉಧೋ' ಎನ್ನುತ್ತಾರೆ. ಇದೇ ಭಕ್ತಿಯ ನೆರಳಲ್ಲಿ ಬೆಳೆದ ದೇವದಾಸಿ ಪದ್ಧತಿ ಬಡ ಹೆಣ್ಣುಮಕ್ಕಳ ಬಾಳನ್ನು ತಿಂದಿತು. ಅದನ್ನು ನಿಷೇಧಿಸುವ ಕರ್ನಾಟಕದ ಕಾನೂನು ಬಂದುದು 1982ರಲ್ಲಿ.

ಯಲ್ಲಮ್ಮನೊಬ್ಬಳದೇ ಬಯಲಲ್ಲ ಇದು. ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿ. ಕೂಂಡಿ ಮೂರು ಸಾವಿರ ಎಂಬ ನಾಡನ್ನು ಆಳಿದ ರಟ್ಟರ ರಾಜಧಾನಿ. ಅಲ್ಲಿನ 980ರ ಶಾಸನ ಸಾಮಂತ ಶಾಂತಿವರ್ಮ ಜೈನ ಬಸದಿಗೆ ಭೂಮಿ ಬಿಟ್ಟುದನ್ನು ಹೇಳುತ್ತದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ನದಿಯ ನಡುವೆಯೇ ಇದೆ. ಬಸವಣ್ಣನವರ ಐಕ್ಯಸ್ಥಳ ಇದೇ ನದಿ ಕೊನೆಗಾಣುವ ಕೂಡಲಸಂಗಮದಲ್ಲಿ. ರಾಮದುರ್ಗ ತಾಲ್ಲೂಕಿನಲ್ಲಿ ಗೊಡಚಿಯ ವೀರಭದ್ರನೂ ಸುರೇಬಾನ ಬಳಿಯ ಶಬರಿಕೊಳ್ಳವೂ ಇವೆ.

ಒಳ್ಳೆಯ ನೆಲವಿದ್ದಲ್ಲಿ ಕಂದಾಯದ ಕಣ್ಣೂ ಇರುತ್ತದೆ. ಕಿತ್ತೂರಿನ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪದೆ ಸಂಸ್ಥಾನಕ್ಕೆ ಕೈಹಾಕಿದಾಗ, 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು, ಸಮಾಧಿಯೂ ಅಲ್ಲೇ. ಸಂಗೊಳ್ಳಿ ರಾಯಣ್ಣ ಜನರನ್ನು ಕೂಡಿಸಿಕೊಂಡು ಸರ್ಕಾರಿ ಕಚೇರಿಗಳ ಮೇಲೆ ಬಿದ್ದ. 1831ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ರಾಮದುರ್ಗ ಸಂಸ್ಥಾನದಲ್ಲಿ 1939ರಲ್ಲಿ ಎದ್ದ ಪ್ರಜಾ ಚಳವಳಿಯೂ ರಕ್ತಪಾತ ಕಂಡಿತು.

ಸವದತ್ತಿ–ಮುನವಳ್ಳಿ ನಡುವೆ ಮಲಪ್ರಭೆ ಮರಳುಗಲ್ಲಿನ ಗುಡ್ಡ ಕೊರೆದು ನುಗ್ಗುವ ಕಣಿವೆಯೇ ನವಿಲುತೀರ್ಥ. 1970ರ ದಶಕದಲ್ಲಿ ಅಲ್ಲಿ ಅಣೆಕಟ್ಟು ಬಂತು. ಸುಮಾರು 37 ಟಿಎಂಸಿ ಅಡಿ ಹಿಡಿಯುವ ಜಲಾಶಯಕ್ಕೆ ರೇಣುಕೆ ಎಂದೂ ಕರೆಯುವ ಯಲ್ಲಮ್ಮನ ಹೆಸರೇ, ರೇಣುಕಾಸಾಗರ. ಹಸಿಯನ್ನು ಬಿಟ್ಟುಕೊಡದ ಎರೆ ನೆಲಕ್ಕೆ ಕಾಲುವೆ ನೀರು ಎಲ್ಲೆಡೆ ಹಿಡಿಸಲಿಲ್ಲ. ಕೆಲವೆಡೆ ಜವುಳು ಹಿಡಿಯಿತು. ಅದರ ಮೇಲೆ ಅಭಿವೃದ್ಧಿ ಕರ ಬಿದ್ದಾಗ ಅಚ್ಚುಕಟ್ಟಿನ ರೈತರು ತಿರುಗಿಬಿದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಈಗ ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿಗೂ ಈ ಜಲಾಶಯವೇ ಆಸರೆ. ಜೋಳದ ಹೊಲಗಳಿಗೆ ಬಂದ ಕಬ್ಬಿಗೂ ಮಲಪ್ರಭೆಯ ನೀರೇ ಬೇಕು.