ಕಿವಿಯಿಂದ ನಾಲಿಗೆಯವರೆಗೆ: ಮಿದುಳಿನಲ್ಲಿ ಮಾತಿನ ಹಾದಿ

ಆಡುಮಾತಿನಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಬರೆಯುವಾಗ ಬಿಡುವ ಖಾಲಿ ಜಾಗ ಕಿವಿಗೆ ಬೀಳುವ ದನಿಯಲ್ಲಿ ಇಲ್ಲ. ‘ನಾಳೆಬೆಳಿಗ್ಗೆಬಸ್ಸಿಗೆಬರ್ತೀನಿ’ ಎಂಬುದು ಒಂದೇ ಎಳೆಯಾಗಿ ಬರುತ್ತದೆ. ಗೊತ್ತಿಲ್ಲದ ಭಾಷೆಯವರೆಲ್ಲ ವಿಪರೀತ ವೇಗವಾಗಿ ಮಾತಾಡುತ್ತಾರೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಗೊತ್ತಿರುವ ಭಾಷೆಯಾದರೆ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಧ್ವನಿಗಳು ಬರುತ್ತಿದ್ದರೂ ಮಿದುಳು ಅವನ್ನು ಬೇಕಾದಲ್ಲಿ ತುಂಡರಿಸಿ ಅರ್ಥ ಹಚ್ಚುತ್ತ ಹೋಗುತ್ತದೆ.

ಕೆಲಸ ಶುರುವಾಗುವುದು ಒಳಗಿವಿಯಲ್ಲಿ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾದ ಬುಡದ ರೋಮಕೋಶಗಳು ‘ಸ’ಕಾರದಂಥ ಎತ್ತರದ ದನಿಗೆ ಸ್ಪಂದಿಸಿದರೆ, ತುದಿಯವು ತಗ್ಗಿನ ದನಿಗೆ ಸ್ಪಂದಿಸುತ್ತವೆ. ಹೀಗೆ ಬಿಡಿಸಿದ ದನಿ ವಿದ್ಯುತ್ ಸಂಕೇತವಾಗಿ ಶ್ರವಣ ನರದ ಮೂಲಕ ಸಾಗಿ, ಮಿದುಳಿನ ಎರಡೂ ಪಕ್ಕದಲ್ಲಿ ಕಿವಿಯ ನೇರಕ್ಕಿರುವ ಶ್ರವಣ ಪ್ರದೇಶಗಳನ್ನು ಮುಟ್ಟುತ್ತದೆ.

ಅಲ್ಲಿ ನಡೆಯುವುದು ಬರೀ ಕೇಳುವುದಲ್ಲ, ವಿಂಗಡಣೆ. ‘ಹುಲಿ’ಗೂ ‘ಹುಳಿ’ಗೂ ಇರುವ ವ್ಯತ್ಯಾಸ ಕನ್ನಡದ ಕಿವಿಗೆ ಸಲೀಸು, ಅಂಥ ಭೇದವಿಲ್ಲದ ಭಾಷೆಯಲ್ಲಿ ಬೆಳೆದವರಿಗೆ ಎರಡೂ ಒಂದೇ. ಈ ವಿಂಗಡಣೆ ಎಷ್ಟು ಬೇಗ ಗಟ್ಟಿಯಾಗುತ್ತದೆಂಬುದನ್ನು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ಅವರು ಬಳಸಿದ್ದು ಹಿಂದಿಯ ‘ಟ’ ಮತ್ತು ‘ತ’. ಕನ್ನಡದಲ್ಲೂ ಇರುವ ಜೋಡಿ ಅದು. ಇಂಗ್ಲಿಷ್ ಮನೆಮಾತಿನ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಹಾಗೆ ಗುರುತಿಸುವ ಕೂಸುಗಳು ತೀರಾ ಕಡಿಮೆಯಾಗಿದ್ದವು. ಮಗು ಮೊದಲ ಮಾತಾಡುವ ಮುಂಚೆಯೇ ಅದರ ಮಿದುಳು ಸುತ್ತಲಿನ ಭಾಷೆಗೆ ಒಗ್ಗಿಕೊಂಡಿರುತ್ತದೆ.

ಕಣ್ಣೂ ಸುಮ್ಮನಿರುವುದಿಲ್ಲ. ‘ಗ’ ಎನ್ನುವ ತುಟಿಗಳ ಚಿತ್ರಕ್ಕೆ ‘ಬ’ ಎಂಬ ದನಿ ಜೋಡಿಸಿ ತೋರಿಸಿದರೆ ಬಹಳಷ್ಟು ಜನರಿಗೆ ಕೇಳಿಸುವುದು ‘ಡ’ದಂಥ ಮೂರನೆಯ ದನಿ. ಇದು 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಪ್ರಕಟಿಸಿದ ಸಂಗತಿ. ಜೊತೆಗೆ ಮಿದುಳು ಮುಂದಿನ ಪದವನ್ನು ಊಹಿಸುತ್ತಲೂ ಇರುತ್ತದೆ. ‘ಬಿಸಿ ಅನ್ನಕ್ಕೆ ಚಪ್ಪಲಿ ಕಲಸಿಕೊಂಡ’ ಎಂಬಂಥ ವಾಕ್ಯದಲ್ಲಿ ಹೊಂದದ ಪದ ಬಂದ ಸುಮಾರು 400 ಮಿಲಿಸೆಕೆಂಡಿಗೆ ತಲೆಗೆ ಅಂಟಿಸಿದ ವಿದ್ಯುದ್ವಾರಗಳಲ್ಲಿ ಒಂದು ವಿಶಿಷ್ಟ ಅಲೆ ದಾಖಲಾಗುತ್ತದೆ. 1980ರಲ್ಲಿ ಇದನ್ನು ವರದಿ ಮಾಡಿದವರು ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್.

ಮಾತಾಡುವಾಗ ದಾರಿ ತಿರುಗುಮುರುಗು: ಮೊದಲು ಅರ್ಥ, ಆಮೇಲೆ ಪದ, ಅದರ ಧ್ವನಿಗಳು, ಕೊನೆಗೆ ತುಟಿ, ನಾಲಿಗೆ, ಗಂಟಲು, ಉಸಿರಿನ ಹೊಂದಾಣಿಕೆ. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ಸುಮಾರು 600 ಮಿಲಿಸೆಕೆಂಡ್ ಬೇಕು. ಅರ್ಥ ಸಿಕ್ಕಿಯೂ ಧ್ವನಿ ಸಿಗದಿದ್ದಾಗ ಹೆಸರು ನಾಲಿಗೆ ತುದಿಯಲ್ಲೇ ನಿಂತುಬಿಡುತ್ತದೆ. ‘ಬಿಸಿ ಕಾಫಿ’ ಬಾಯಿತಪ್ಪಿ ‘ಕಿಸಿ ಬಾಫಿ’ ಆದಾಗ ಎರಡನೆಯ ಪದದ ಮೊದಲಕ್ಷರ ಮುಂಚೆಯೇ ತಯಾರಾಗಿತ್ತೆಂಬುದು ಬಯಲಾಗುತ್ತದೆ. ಇಲ್ಲೊಂದು ಸೋಜಿಗವಿದೆ. ಮಾತುಕತೆಯಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಒಂದು ಪದದ ತಯಾರಿಗೇ ಅದರ ಮೂರು ಪಟ್ಟು ಹೊತ್ತು ಬೇಕಲ್ಲ! ಅಂದರೆ ಎದುರಿನವರು ಮಾತು ಮುಗಿಸುವ ಮುಂಚೆಯೇ ಕೇಳುಗರ ತಲೆಯಲ್ಲಿ ಉತ್ತರ ಸಿದ್ಧವಾಗತೊಡಗಿರುತ್ತದೆ.

ಇದೆಲ್ಲ ಮಿದುಳಿನ ಎಲ್ಲಿ ನಡೆಯುತ್ತದೆ ಎಂಬ ಹುಡುಕಾಟಕ್ಕೆ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ. ಅಲ್ಲಿ ಲೆಬೋರ್ನ್ ಎಂಬ ರೋಗಿಗೆ ‘ತಾನ್’ ಎಂಬ ಒಂದು ಸದ್ದು, ಸಿಟ್ಟು ಬಂದಾಗ ಒಂದು ಬೈಗುಳ, ಇಷ್ಟು ಬಿಟ್ಟರೆ ಬೇರೆ ಮಾತು ಹೊರಡುತ್ತಿರಲಿಲ್ಲ. ಕೇಳಿದ್ದು ಮಾತ್ರ ಬಹುಮಟ್ಟಿಗೆ ತಿಳಿಯುತ್ತಿತ್ತು. ಆಸ್ಪತ್ರೆ ಸೇರಿ ಎಷ್ಟು ವರ್ಷವಾಯಿತೆಂದು ವೈದ್ಯ ಪಾಲ್ ಬ್ರೋಕಾ ಕೇಳಿದಾಗ ಆತ ಅಂಗೈಯನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಮೇಲೊಂದು ಬೆರಳೆತ್ತಿದ: ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. 1861ರ ಏಪ್ರಿಲ್ 17ರಂದು ಆತ ತೀರಿಕೊಂಡ ಮೇಲೆ ತೆರೆದು ನೋಡಿದರೆ, ಎಡ ಮಿದುಳಿನ ಮುಂಭಾಗದ ಕೆಳ ಅಂಚು ಹಾಳಾಗಿತ್ತು. ಮುಂದೆ ಆ ಜಾಗಕ್ಕೆ ಬ್ರೋಕಾ ಪ್ರದೇಶ ಎಂದೇ ಹೆಸರಾಯಿತು. 1874ರಲ್ಲಿ, ಇನ್ನೂ 26ರ ಹರೆಯದ ಜರ್ಮನ್ ವೈದ್ಯ ಕಾರ್ಲ್ ವರ್ನಿಕೆ ತದ್ವಿರುದ್ಧ ಬಗೆಯ ರೋಗಿಗಳನ್ನು ವಿವರಿಸಿದ. ಅವರ ಮಾತು ಸರಾಗ, ಆದರೆ ಅರ್ಥವಿಲ್ಲ. ಬೇರೆಯವರು ಆಡಿದ್ದೂ ತಲೆಗೆ ಹೋಗದು. ಇಲ್ಲಿ ಪೆಟ್ಟು ಬಿದ್ದಿದ್ದು ಎಡಗಿವಿಯ ಮೇಲುಗಡೆ, ತುಸು ಹಿಂದಕ್ಕೆ.

ಮಾತಾಡಲು ಬ್ರೋಕಾ, ತಿಳಿಯಲು ವರ್ನಿಕೆ ಎಂಬ ಹಂಚಿಕೆ ನೆನಪಿಡಲು ಸುಲಭ. ಪಠ್ಯಪುಸ್ತಕಗಳಲ್ಲಿ ಅದು ಇನ್ನೂ ಉಳಿದಿರುವುದು ಬಹುಶಃ ಅದಕ್ಕೇ. ವಾಸ್ತವ ಅಷ್ಟು ಅಚ್ಚುಕಟ್ಟಾಗಿಲ್ಲ. ಪ್ಯಾರಿಸ್ಸಿನಲ್ಲಿ ಕಾಪಿಟ್ಟಿದ್ದ ಲೆಬೋರ್ನ್‌ನ ಮಿದುಳನ್ನು ಎಂಆರ್‌ಐಗೆ ಒಳಪಡಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬ್ರೋಕಾ ಕಣ್ಣಳತೆಯಲ್ಲಿ ಕಂಡದ್ದಕ್ಕಿಂತ ಹಾನಿ ಬಹಳ ಆಳಕ್ಕೆ ಇಳಿದು, ದೂರದ ಭಾಗಗಳನ್ನು ಜೋಡಿಸುವ ನರತಂತುಗಳನ್ನೂ ಕಡಿದಿತ್ತು. ಬ್ರೋಕಾ ಪ್ರದೇಶವೊಂದಕ್ಕೇ ಪೆಟ್ಟಾದವರ ಮಾತು ಎಷ್ಟೋ ವೇಳೆ ಬೇಗ ಮರಳುತ್ತದೆ. ಆ ಪ್ರದೇಶ ಚುರುಕಾಗಿರುವುದು ಮಾತು ಹೊರಡುವ ಮುನ್ನ, ಬಾಯಿ ಆಡುವಾಗ ಅದು ಸುಮ್ಮನಾಗುತ್ತದೆ ಎಂಬುದೂ ಈಚೆಗೆ ಕಂಡುಬಂದಿದೆ. ಇಂದು ಹೆಚ್ಚು ಬಳಕೆಯಲ್ಲಿರುವ ವಿವರಣೆಯಂತೆ ಶ್ರವಣ ಪ್ರದೇಶದಿಂದ ಎರಡು ಹಾದಿಗಳು ಹೊರಡುತ್ತವೆ. ಕೆಳಗಿನದು ದನಿಯನ್ನು ಅರ್ಥಕ್ಕೂ, ಮೇಲಿನದು ದನಿಯನ್ನು ಬಾಯಿಯ ಚಲನೆಗೂ ಜೋಡಿಸುತ್ತದೆ.

ಬಲಗೈ ರೂಢಿಯ ಬಹುತೇಕ ಎಲ್ಲರಲ್ಲೂ, ಎಡಗೈ ರೂಢಿಯ ಹೆಚ್ಚಿನವರಲ್ಲೂ ಭಾಷೆಯ ಮುಖ್ಯ ಹೊಣೆ ಎಡ ಮಿದುಳಿನದು. ಬಲಭಾಗ ದನಿಯ ಏರಿಳಿತ, ವ್ಯಂಗ್ಯ, ಭಾವಗಳನ್ನು ಹಿಡಿಯಲು ನೆರವಾಗುತ್ತದೆ. ಮಿದುಳಿನ ಎಡಭಾಗಕ್ಕೆ ಲಕ್ವ ಹೊಡೆದು ಮಾತು ನಿಂತ ಕೆಲವರು ಹಳೆಯ ಹಾಡನ್ನು ಪದಗಳ ಸಮೇತ ಹಾಡಬಲ್ಲರು. ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆ 1970ರ ದಶಕದಲ್ಲಿ ಶುರುವಾದದ್ದು ಇದನ್ನು ಗಮನಿಸಿಯೇ.

ಹೀಗೆ ಮಾತು ನಿಂತವರು ಹಲವು ಭಾಷೆ ಬಲ್ಲವರಾದರೆ ಯಾವ ಭಾಷೆ ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂದು ಮನಶ್ಶಾಸ್ತ್ರಜ್ಞ ರಿಬೋ, ಹೆಚ್ಚು ಬಳಸುತ್ತಿದ್ದದ್ದು ಎಂದು ವೈದ್ಯ ಪಿತ್ರ್ ಹತ್ತೊಂಬತ್ತನೇ ಶತಮಾನದಲ್ಲೇ ವಾದಿಸಿದ್ದರು. ಹೆಚ್ಚಿನವರಲ್ಲಿ ಎಲ್ಲವೂ ಜೊತೆಜೊತೆಗೇ ಸುಧಾರಿಸುತ್ತವೆ, ಕೆಲವರಲ್ಲಿ ಮಾತ್ರ ಒಂದು ಹಿಂದೆ ಉಳಿಯುತ್ತದೆ. ಹಾಗಾಗಿ ಮನೆಯಲ್ಲಿ ತುಳು ಅಥವಾ ಉರ್ದು, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುತ್ತಿದ್ದವರ ತಪಾಸಣೆಯನ್ನು ಒಂದೇ ಭಾಷೆಯಲ್ಲಿ ಮುಗಿಸುವಂತಿಲ್ಲ.