ಸೀನಿಯರ್ ಆಟಗಾರರೇ ತಮ್ಮ ಟೀಮ್ ಆಯ್ಕೆ ಮಾಡಬಹುದಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಪ್ರಶ್ನೆ ಸಿಂಪಲ್: ಫುಟ್‌ಬಾಲ್ ಟೀಮ್ ಆಯ್ಕೆ ಮಾಡುವಾಗ ಅದೇ ಟೀಮಿನ ಸೀನಿಯರ್ ಆಟಗಾರರಿಗೆ ಪಾಲು ಇರಬೇಕಾ?

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ.

ಕೆಲವು ವರ್ಷಗಳ ಹಿಂದೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹುಡುಗರು ಸೇರಿ ಒಂದು ಟೀಮ್ ಮಾಡಿಕೊಂಡಿದ್ವಿ. ಸ್ಪಾನ್ಸರ್ ಗಿಪಾನ್ಸರ್ ಏನೂ ಇಲ್ಲ. ಒಂದು ವಾಟ್ಸಾಪ್ ಗ್ರೂಪ್, ಎರಡು ಬಾಲ್, ದುಡ್ಡು ತಗೊಳ್ಳದೆ ಕಲಿಸುತ್ತಿದ್ದ ಒಬ್ಬ ಕೋಚ್ ಸರ್. ಮೈಸೂರಿನ ಒಂದು ಟೂರ್ನಮೆಂಟ್‌ಗೆ 16 ಜನರ ಪಟ್ಟಿ ಆಗಬೇಕಿತ್ತು. ಸರ್ ನಾಲ್ವರು ಸೀನಿಯರ್‌ಗಳನ್ನು ಕೂರಿಸಿಕೊಂಡು, "ಹುಡುಗರ ಬಗ್ಗೆ ನಿಮಗೇ ಚೆನ್ನಾಗಿ ಗೊತ್ತು, ನೀವೇ ಹೇಳ್ರಪ್ಪ" ಅಂದ್ರು. ನಾಲ್ವರಲ್ಲಿ ನಾನೊಬ್ಬ. ನಾಲ್ಕೂ ಜನ ಹಾಸನ ಟೌನಿನವರೇ.

ಅರಕಲಗೂಡು ಕಡೆಯ ಒಬ್ಬ ಹುಡುಗನ ಹೆಸರು ಬಂತು. ಎಡಗಾಲಿನ ಆಟಗಾರ, ಲೆಫ್ಟ್ ಬ್ಯಾಕ್. "ರೆಗ್ಯುಲರ್ ಇಲ್ಲ ಸರ್, ಪ್ರಾಕ್ಟೀಸ್‌ಗೆ ಯಾವಾಗ್ಲೂ ಲೇಟು" ಅಂದೆ ನಾನು. ಸುಳ್ಳೇನಲ್ಲ. ಆದರೆ ಯಾಕೆ ಲೇಟು ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಬೆಳಗ್ಗೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಬಸ್ ಹತ್ತಿ ಅಷ್ಟು ದೂರ ಬರಬೇಕಿತ್ತು ಅವನು. ನಾವು ಹಾಸನದವರು ಬೈಕಲ್ಲಿ ಹತ್ತು ನಿಮಿಷಕ್ಕೆ ಗ್ರೌಂಡಲ್ಲಿ ಇರುತ್ತಿದ್ವಿ.

ಇನ್ನೊಂದು ವಿಷಯ ಆವತ್ತು ನಾನು ಬಾಯಿ ಬಿಡಲಿಲ್ಲ. ಟೀಮಿನ ಇನ್ನೊಬ್ಬ ಲೆಫ್ಟ್ ಬ್ಯಾಕ್ ನಾನೇ.

ಅವನ ಹೆಸರು ಹೋಯ್ತು, ನನ್ನದು ಉಳೀತು. ಪಟ್ಟಿ ಗ್ರೂಪಿಗೆ ಬಿದ್ದ ರಾತ್ರಿಯೇ ಅವನು ಗ್ರೂಪ್ ಬಿಟ್ಟ. ಮತ್ತೆ ಗ್ರೌಂಡಿಗೂ ಬರಲಿಲ್ಲ.

ಸೀನಿಯರ್ ಮಾತು ಯಾಕೆ ಬೇಕು?

ಹಾಗಂತ ಸೀನಿಯರ್‌ಗಳು ಬಾಯಿ ಮುಚ್ಕೊಂಡಿರಬೇಕಾ? ಅದೂ ಸರಿಯಲ್ಲ. ಯಾರು ಕಷ್ಟದಲ್ಲಿ ಬಾಲ್ ಕೇಳ್ತಾನೆ, ಯಾರು ಮೊಣಕಾಲು ನೋವು ಮುಚ್ಚಿಟ್ಕೊಂಡಿದ್ದಾನೆ, ಯಾರ ಜೊತೆ ಯಾರ ಆಟ ಕೂಡಿಬರುತ್ತೆ, ಇದೆಲ್ಲ ಪಕ್ಕದಲ್ಲಿ ಆಡುವವನಿಗೇ ಮೊದಲು ಗೊತ್ತಾಗೋದು.

ಇದಕ್ಕೆ ಟೆನಿಸ್‌ನಿಂದ ಒಂದು ಉದಾಹರಣೆ ಕೊಡ್ತೀನಿ. ಅರಕಲಗೂಡು ದಾಟಿದರೆ ಕೊಡಗು. ಅಲ್ಲಿನ ಮನೆತನದ ರೋಹನ್ ಬೋಪಣ್ಣ ಗೊತ್ತಲ್ವಾ? 2016ರ ರಿಯೊ ಒಲಿಂಪಿಕ್ಸ್‌ಗೆ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ಮೊದಲ ಹತ್ತರೊಳಗಿದ್ದ ಅವರು ನೇರವಾಗಿ ಅರ್ಹತೆ ಪಡೆದರು. ಜೊತೆಗಾರನಾಗಿ ಸಾಕೇತ್ ಮೈನೇನಿ ಬೇಕು ಅಂತ ಟೆನಿಸ್ ಸಂಸ್ಥೆಗೆ ಪತ್ರ ಬರೆದರು. ಆಯ್ಕೆ ಸಮಿತಿ ಒಪ್ಪದೆ ಲಿಯಾಂಡರ್ ಪೇಸ್ ಅವರನ್ನು ಜೊತೆ ಮಾಡಿತು. ಮೊದಲ ಸುತ್ತಲ್ಲೇ ಜೋಡಿ ಸೋತಿತು.

"ನೋಡಿದ್ರಾ, ಸೀನಿಯರ್ ಮಾತು ಕೇಳಬೇಕಿತ್ತು" ಅನ್ನಬಹುದು. ಸ್ವಲ್ಪ ತಡೀರಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮಹೇಶ್ ಭೂಪತಿ ಮತ್ತು ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲ್ಲ ಅಂದಾಗ ಸಂಸ್ಥೆ ಮಣಿದು ಎರಡು ಜೋಡಿ ಕಳಿಸಿತ್ತು. ಎರಡೂ ಜೋಡಿ ಎರಡನೇ ಸುತ್ತಲ್ಲಿ ಸೋತವು. ಅಂದ್ರೆ ಪಂದ್ಯದ ಫಲಿತಾಂಶ ನೋಡಿ ಯಾರ ಕೈಗೆ ಅಧಿಕಾರ ಕೊಡಬೇಕು ಅಂತ ತೀರ್ಮಾನ ಮಾಡೋಕಾಗಲ್ಲ. ನನಗೆ ಇಲ್ಲಿ ಮುಖ್ಯ ಅನ್ನಿಸೋದು ಬೇರೆ: 2016ರಲ್ಲಿ ಬೋಪಣ್ಣ ತಮಗೇನು ಬೇಕು ಅನ್ನೋದನ್ನು ಬರೆದು ಕೊಟ್ಟರು. ಒಪ್ಪೋದು ಬಿಡೋದು ಸಮಿತಿಯ ಜವಾಬ್ದಾರಿ ಆಯ್ತು. ನಾನು ಮಾಡಿದ್ದು ಮುಚ್ಚಿದ ಬಾಗಿಲ ಹಿಂದೆ ಒಂದು ಸಾಲು ಹೇಳಿ ಸುಮ್ಮನಾಗಿದ್ದು.

ಪೆನ್ನು ಯಾಕೆ ಬೇಡ?

ಈಗ ಫುಟ್‌ಬಾಲ್‌ಗೇ ಬರೋಣ. ಇಂಗ್ಲೆಂಡಿನಲ್ಲಿ ಬಹಳ ಕಾಲ ರಾಷ್ಟ್ರೀಯ ತಂಡವನ್ನು ಒಂದು ಸಮಿತಿ ಆರಿಸುತ್ತಿತ್ತು. 1946ರಲ್ಲಿ ವಾಲ್ಟರ್ ವಿಂಟರ್‌ಬಾಟಮ್ ಮೊದಲ ಮ್ಯಾನೇಜರ್ ಆದರೂ ಪಟ್ಟಿ ಸಮಿತಿಯ ಕೈಲೇ ಇತ್ತು. 1963ರಲ್ಲಿ ಆಲ್ಫ್ ರಾಮ್ಸೆ ಬಂದಾಗ ಆಯ್ಕೆ ಪೂರ್ತಿ ತನ್ನದೇ ಆಗಬೇಕು ಅಂತ ಷರತ್ತು ಹಾಕಿದರು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಿತು. ಸೋತಿದ್ದರೆ ಬೈಗುಳ ಯಾರಿಗೆ ಅನ್ನೋದೂ ಸ್ಪಷ್ಟವಾಗಿತ್ತು.

ಆಡುತ್ತಲೇ ಟೀಮ್ ಆರಿಸಿದವರೂ ಇದ್ದಾರೆ. ಕೆನ್ನಿ ಡಾಲ್ಗ್ಲಿಷ್ 1985ರಲ್ಲಿ ಲಿವರ್‌ಪೂಲ್‌ನ ಆಟಗಾರ ಕಮ್ ಮ್ಯಾನೇಜರ್ ಆದರು. ಅದೇ ಸೀಸನ್‌ನಲ್ಲಿ ಲೀಗೂ ಎಫ್‌ಎ ಕಪ್ಪೂ ಎರಡೂ ಬಂದವು. ಎಷ್ಟೋ ಪಂದ್ಯಗಳಲ್ಲಿ ಅವರು ತಮ್ಮನ್ನೇ ಹೊರಗಿಟ್ಟುಕೊಂಡಿದ್ದರು. ಆದರೆ ಅವರು ಸೋತರೆ ಕೆಲಸವೇ ಹೋಗುತ್ತಿತ್ತು. ನಮ್ಮ ನಾಲ್ವರಿಗೆ ಏನು ಹೋಗುತ್ತಿತ್ತು? ಏನೂ ಇಲ್ಲ. ಅಧಿಕಾರ ನಮ್ಮದು, ಉತ್ತರ ಕೊಡಬೇಕಾದವರು ಸರ್.

ಇನ್ನು ತನ್ನವರ ಹೆಸರು ಬಂದಾಗ ಏನ್ಮಾಡ್ಬೇಕು? ಇದಕ್ಕೆ ನಮ್ಮ ಕರ್ನಾಟಕದ ಕ್ರಿಕೆಟ್ಟೇ ಪಾಠ. ರೋಜರ್ ಬಿನ್ನಿ ರಾಷ್ಟ್ರೀಯ ಆಯ್ಕೆಗಾರರಾಗಿದ್ದಾಗ, 2014ರಲ್ಲಿ ಮಗ ಸ್ಟುವರ್ಟ್ ಬಿನ್ನಿ ಭಾರತ ತಂಡಕ್ಕೆ ಬಂದರು. ಮಗನ ವಿಷಯ ಚರ್ಚೆಗೆ ಬಂದಾಗ ತಂದೆ ಕೋಣೆಯಿಂದ ಎದ್ದು ಹೋಗುತ್ತಿದ್ದರು ಅಂತ ಆಗ ವರದಿಯಾಗಿತ್ತು. ಅದೇ ವರ್ಷ ಬಾಂಗ್ಲಾದೇಶದ ವಿರುದ್ಧ ಸ್ಟುವರ್ಟ್ 4 ರನ್‌ಗೆ 6 ವಿಕೆಟ್ ತೆಗೆದು, ಅನಿಲ್ ಕುಂಬ್ಳೆಯವರ 12ಕ್ಕೆ 6ರ ಭಾರತೀಯ ಏಕದಿನ ದಾಖಲೆ ಮುರಿದರು. ಆದರೂ ಅನುಮಾನದ ಮಾತು ನಿಲ್ಲಲಿಲ್ಲ. 2015ರಲ್ಲಿ ರೋಜರ್ ಜಾಗಕ್ಕೆ ಬೇರೆಯವರು ಬಂದರು. ಎದ್ದು ಹೋದವರ ಮೇಲೇ ಜನರಿಗೆ ಅನುಮಾನ ಇದ್ದರೆ, ಎದ್ದು ಹೋಗದೆ ಕೂತಿದ್ದ ನನ್ನ ಮೇಲೆ ಆ ಹುಡುಗನಿಗೆ ಏನನ್ನಿಸಿರಬೇಡ?

ಹಾಗಾದ್ರೆ ಹೇಗೆ?

ನನ್ನ ಉತ್ತರ ಇಷ್ಟೇ: ಸೀನಿಯರ್‌ಗೆ ಮಾತಿರಲಿ, ಪೆನ್ನು ಬೇಡ. ನಿಮ್ಮ ಕಾಲೇಜು ಟೀಮಿಗೋ ಊರಿನ ಟೀಮಿಗೋ ನಾಳೆಯಿಂದಲೇ ಇದನ್ನು ಮಾಡಬಹುದು.

ಒಂದು, ಟ್ರಯಲ್‌ಗೆ ಮೊದಲೇ ಏನು ನೋಡ್ತೀವಿ ಅಂತ ಗ್ರೂಪಲ್ಲಿ ಹಾಕಿ. ಹಾಜರಿ ಲೆಕ್ಕಕ್ಕಿದ್ದರೆ ದೂರದ ಊರಿನವರಿಗೂ ಆಗುವ ಟೈಮ್ ಇಡಿ.

ಎರಡು, ಸೀನಿಯರ್‌ಗಳು ಒಟ್ಟಿಗೆ ಕೂತು ಹೇಳೋದು ಬೇಡ, ಒಬ್ಬೊಬ್ಬರೇ ಕೋಚ್‌ಗೆ ಬರೆದು ಕೊಡಲಿ. ಒಟ್ಟಿಗೆ ಕೂತರೆ ಮೊದಲು ಮಾತಾಡಿದವನ ಮಾತಿಗೇ ಉಳಿದವರು ತಲೆ ಆಡಿಸ್ತಾರೆ.

ಮೂರು, ತಾನು ಆಡುವ ಜಾಗ, ತನ್ನ ತಮ್ಮ, ತನ್ನ ರೂಮ್‌ಮೇಟ್, ಇವರ ಬಗ್ಗೆ ಅಭಿಪ್ರಾಯವೇ ಬೇಡ.

ನಾಲ್ಕು, ಕೊನೆಯ ಪಟ್ಟಿ ಕೋಚ್‌ದು. ಕೋಚೇ ಇಲ್ಲದಿದ್ದರೆ ಆ ಸಲ ಆಡದ ಒಬ್ಬರದು.

ಐದು, ಪಟ್ಟಿಯಲ್ಲಿ ಇಲ್ಲದವನಿಗೆ ಗ್ರೂಪಿಗಿಂತ ಮೊದಲು ಎದುರಿಗೆ ಕೂತು ಕಾರಣ ಹೇಳಿ. ಅವನ ಮಾತೂ ಕೇಳಿ.

ಕಳೆದ ವರ್ಷ ಅರಕಲಗೂಡು ಬಸ್ ಸ್ಟ್ಯಾಂಡಲ್ಲಿ ಆ ಹುಡುಗ ಸಿಕ್ಕಿದ್ದ. ಟೀ ಕುಡೀತಾ ಎಲ್ಲ ಹೇಳಿಬಿಟ್ಟೆ, ನನ್ನ ಜಾಗದ ವಿಷಯಾನೂ. ಅವನು ಕೋಪ ಮಾಡ್ಕೊಳ್ಳಲಿಲ್ಲ. ಲೋಟ ಕೆಳಗಿಟ್ಟು, "ಒಂದ್ಸಲ ಕೇಳ್ಬೋದಿತ್ತಲ್ಲಣ್ಣ" ಅಂದ, ಅಷ್ಟೇ. ಬಸ್ ಬಂತು, ಹೊರಟ.

ನಿಮ್ಮ ಟೀಮಲ್ಲಿ ಪಟ್ಟಿ ಯಾರು ಮಾಡ್ತಾರೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೇಲಿ ಕೇಳಿಸ್ತೀವಿ. ಮತ್ತೆ ಸಿಗೋಣ.